ಮಂಚದ ಎತ್ತರ

ಸೊಹಾರಿನಲ್ಲಿ ಬೆಳಿಗ್ಗೆ ಏಳಕ್ಕೇ ಕಿಟಕಿಯ ಗಾಜು ಬೆವರುತ್ತದೆ.
ಒಳಗೆ, ಲ್ಯಾಬಿನ ತಣ್ಣನೆಯ ದೀಪದಡಿ
ಪ್ಲಾಸ್ಟಿಕ್ ರೋಗಿ ಮಲಗಿದ್ದಾನೆ.
ಅಂಗೈಗೂ ಬೆನ್ನಿಗೂ ಒಂದೇ ಬಣ್ಣ, ಎಳೆ ಗುಲಾಬಿ.
ಹೆಸರು ಮಿಸ್ಟರ್ ಹ್ಯಾರಿಸ್. ಕೇಸ್ ಹಾಳೆಯ ಪ್ರಕಾರ
ಒಬ್ಬನೇ ಇರುತ್ತಾನೆ, ಬೆಕ್ಕು ಸಾಕಿದ್ದಾನೆ,
ಹಿಮದಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಾನೆ.

ಹನ್ನೊಂದು ವರ್ಷ ಅವನನ್ನೇ ಮಗ್ಗುಲು ಹೊರಳಿಸಿ ಕಲಿಸಿದೆ.
ಉಸಿರು ಸಾಲದಾದರೆ ತುಟಿ ನೀಲಿ, ಎಂದೆ.
ಮಲಗಿ ಮಲಗಿ ಹುಣ್ಣಾಗುವ ಮೊದಲು ಚರ್ಮ ಕೆಂಪು, ಎಂದೆ.
ಬರೆದುಕೊಂಡರು.
ನಾನೂ ಹಾಗೆಯೇ ಬರೆದುಕೊಂಡು ಬಂದವಳು.

ಪರೀಕ್ಷೆ ಮುಗಿದು ಎಲ್ಲರೂ ಹೋದ ಮೇಲೆ
ರಯ್ಯಾ ಬಾಗಿಲ ಬಳಿ ನಿಂತು ಕೈ ಎತ್ತಿದಳು,
ಕೋಣೆಯಲ್ಲಿ ಇದ್ದವಳು ನಾನೊಬ್ಬಳೇ ಆದರೂ.
"ಮಿಸ್, ನಮ್ಮ ಬೀಬಿ ಜಂಜಿಬಾರಿನವರು, ನನಗಿಂತ ಕಪ್ಪು.
ಅವರ ತುಟಿ ನೀಲಿಯಾಗಲೇ ಇಲ್ಲ.
ಬೂದಿ ಹಿಡಿಯಿತು, ಆರಿದ ಇದ್ದಿಲಿನ ಹಾಗೆ.
ಕರೆದೆ. ಯಾರೋ ಬಂದು ನೋಡಿದರು,
ನೀಲಿಯಿಲ್ಲವಲ್ಲ ಎಂದು ಹೋದರು.
ಇವತ್ತು ನಾಲ್ಕನೇ ಪ್ರಶ್ನೆಗೆ ನಾನೇನು ಬರೆಯಬೇಕಿತ್ತು?"

ನೀಲಿ ಎಂದೇ ಬರೆದಿದ್ದಳು.
ಪೂರ್ತಿ ಅಂಕ ಕೊಟ್ಟೆ.

ಆ ರಾತ್ರಿ ಪಾಠದ ಕಡತ ತೆರೆದು ಕೂತಾಗ
ನೆನಪಾದದ್ದು ಬೀಬಿಯಲ್ಲ, ಭಟ್ಕಳದ ಕಡೆಯ ಒಬ್ಬ ಮುದುಕಿ.
ನನ್ನ ಮೊದಲ ವರ್ಷದ ವಾರ್ಡು.
"ಛಳಕು ಹೊಡೀತದೆ ಮಗಾ, ಸೊಂಟದಿಂದ ಹಿಮ್ಮಡಿಗೆ" ಎಂದಳು.
ಕನ್ನಡ ಶಾಲೆಯ ಹುಡುಗಿ ನಾನು, ಪೇನ್ ಎಂದಷ್ಟೇ ಬರೆದೆ.
ಎಂಥ ಪೇನ್? ಎಂದು ಸರ್ ಎಲ್ಲರೆದುರು ಕೇಳಿದರು.
ಗೊತ್ತಿತ್ತು. ಉರಿಯಲ್ಲ, ಸೆಳೆತವಲ್ಲ, ಜೋಮಲ್ಲ,
ಛಳಕೇ. ನಾಲಿಗೆಯ ತುದಿಯಲ್ಲಿ ಇಡಿಯಾಗಿ ಇತ್ತು.
ಅವರ ಹಾಳೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ.

ಕಂದು ಚರ್ಮದ ಬೊಂಬೆಗೆ ಪತ್ರ ಬರೆದೆ, ಆರು ತಿಂಗಳು ಎಂದರು.
ಅಲ್ಲಿಯವರೆಗೆ ನಮ್ಮ ಕೈಗಳೇ:
ಗುಲ್‌ನಾರಳದು, ಖೈಸನದು, ರಯ್ಯಾಳದು, ನನ್ನದು,
ಟಾರ್ಚಿನಡಿ ಸಾಲಾಗಿ, ಚಹಾ ಅಂಗಡಿಯ ಬಗೆಬಗೆ ಲೋಟದಂತೆ.
ವಸಡು ನೋಡಿ. ರೆಪ್ಪೆಯ ಒಳಗೆ ನೋಡಿ.
ಬಣ್ಣ ಹೇಳದ್ದನ್ನು ಬಿಸಿ ಹೇಳುತ್ತದೆ, ಬಿಗಿ ಹೇಳುತ್ತದೆ,
ಕೈಯ ಹಿಂಬದಿಯಿಂದ ಮುಟ್ಟಿ.
ಮಗಳು ಪಕ್ಕದಲ್ಲಿದ್ದರೆ ಕೇಳಿ: ಇದು ಅಮ್ಮನ ದಿನದ ಬಣ್ಣವೇ?

ಹ್ಯಾರಿಸ್ ಇರಲಿ ಪಾಪ, ಅವನದೂ ಸೊಂಟವೇ.
ಆದರೆ ಪಕ್ಕದ ಮಂಚಕ್ಕೆ ಮುಬಾರಕ್ ಬಂದ,
ಬೂತಾಯಿ ಬಲೆ ಎಳೆಯುವವನು, ಸಕ್ಕರೆ ಕಾಯಿಲೆ.
ಅದರಾಚೆ ಬರಿಸಾಲಿನ ಮನೆಗೆಲಸದ ಹುಡುಗಿ ಶೆಫಾಲಿ.
ನೋವು ಹತ್ತರಲ್ಲಿ ಎಷ್ಟು ಎಂದರೆ ಮೂರು ಎನ್ನುತ್ತಾಳೆ,
ಯಜಮಾನಿ ತಲೆದಿಂಬಿನ ಬಳಿ ನಿಂತಿರುವುದರಿಂದ.
ಇದನ್ನು ಎಲ್ಲಿ ಬರೆಯೋಣ? ಎಂದಳು ಗುಲ್‌ನಾರ್.
ಸ್ಕೇಲು ತಂದು ಹೊಸದೊಂದು ಗೆರೆ ಎಳೆದೆವು.

ಶಿನಾಸಿನಿಂದ ಬರುವ ಗುಲ್‌ನಾರಳಿಗೆ ಆರು ತಿಂಗಳ ಕೂಸು.
ಏಳರ ಪರೀಕ್ಷೆ ಹತ್ತಕ್ಕೆ ಹೋಯಿತು.
ಒಂದು ಕಿವಿ ಮಂದವಾದ ಖೈಸನಿಗೆ
ಎದೆಬಡಿತವನ್ನು ಅಲೆಯಾಗಿ ತೋರಿಸುವ ಸ್ಟೆತಾಸ್ಕೋಪು.
ಎರವಲು ತಂದ ಮೊದಲ ದಿನವೇ
ನಾವು ಕೇಳದ ಮರ್ಮರವನ್ನು ಅವನು ಕಂಡ.

ಸಮಿತಿ ಕಹವಾ ಕೊಟ್ಟಿತು, ಖರ್ಜೂರ ಕೊಟ್ಟಿತು,
ಮೆತ್ತಗೆ ಕೇಳಿತು: ಮಟ್ಟ ಇಳಿಸುತ್ತಿದ್ದೀರಾ?

ಮೊದಲ ದಿನದ ಮೊದಲ ಪಾಠ ಹೇಳಿದೆ.
ರೋಗಿಯನ್ನು ಮುಟ್ಟುವ ಮುಂಚೆ ಪೆಡಲ್ ಒತ್ತಿ
ಮಂಚವನ್ನು ನಿಮ್ಮ ಸೊಂಟಕ್ಕೆ ತನ್ನಿ.
ಗಿಡ್ಡ ಗುಲ್‌ನಾರಳ ಸೊಂಟಕ್ಕೆ, ಉದ್ದ ಖೈಸನ ಸೊಂಟಕ್ಕೆ.
ಇದನ್ನು ಯಾರೂ ರಿಯಾಯಿತಿ ಎನ್ನುವುದಿಲ್ಲ.
ಬಗ್ಗಿ ಬಗ್ಗಿ ಬೆನ್ನು ಮುರಿದವಳು
ಯಾರನ್ನು ತಾನೆ ಎತ್ತಿಯಾಳು?

ನೋಡೋಣ ಎಂದರು. ಎರಡು ಪುಟ ಒಪ್ಪಿದರು.
ಸ್ಟೆತಾಸ್ಕೋಪು ಮುಂದಿನ ಬಜೆಟ್ಟಿಗೆ.

ಇವತ್ತು ರಯ್ಯಾ ಪೆಡಲ್ ಮೇಲೆ ಕಾಲಿಟ್ಟಳು,
ಮಂಚ ಗುರ್ರೆನ್ನುತ್ತ ಮೇಲೆ ಬಂತು.
ಗುಲಾಬಿ ಹಿಮ್ಮಡಿಗೆ ಕೈಯ ಹಿಂಬದಿ ತಾಗಿಸಿ
ಬಗ್ಗದೆ ಕೇಳಿದಳು,
"ಮಿಸ್ಟರ್ ಹ್ಯಾರಿಸ್, ಇದು ನಿಮ್ಮ ದಿನದ ಬಣ್ಣವೇ?"
ಕ್ಲಾಸು ನಕ್ಕಿತು.
ಅವಳು ಉತ್ತರಕ್ಕೆ ಕಾದಳು.