ಹಿಂದಿರುಗಿಸಬೇಕಾದ ದಿನಾಂಕ

ಇನ್ನೂರ ಎಂಬತ್ತಾರು, ಅಂದ ಲ್ಯಾಬಿನ ಹುಡುಗ
ಬಸ್ಸಿನ ನಂಬರು ಹೇಳುವ ಹಾಗೆ.
ಚೀಟಿ ಮಡಿಚಿ ರವಿಕೆಯೊಳಗಿಟ್ಟು
ಶಿಡ್ಲಘಟ್ಟದ ಬಿಸಿಲಿಗೆ ಇಳಿದೆ.
ಬೇಕರಿಯ ಮುಂದೆ ಒಂದು ಗಳಿಗೆ ನಿಂತದ್ದು ನಿಜ,
ಬನ್ನಿಗಲ್ಲ,
ಪಾದ ನೆಲ ಮುಟ್ಟಿದೆಯೋ ಇಲ್ಲವೋ ಬಗ್ಗಿ ನೋಡಲು.

ಇಪ್ಪತ್ತೆರಡು ವರ್ಷ ಕುದಿನೀರಲ್ಲಿ ಗೂಡು ತಡಕಿ
ಎಳೆಯ ತುದಿ ಹಿಡಿದ ಬೆರಳು ಇವು.
ಕೂದಲಿಗಿಂತ ಸಣ್ಣದು ಕೂಡ ಸಿಕ್ಕುತ್ತದೆ ಇವಕ್ಕೆ;
ಪುಸ್ತಕದ ಹಾಳೆ ಮಾತ್ರ
ಎರಡೆರಡು ಒಟ್ಟಿಗೇ ಮಗುಚುತ್ತವೆ.

ಶಾಖಾ ಗ್ರಂಥಾಲಯದಲ್ಲಿ ಅವತ್ತು
ಪರೀಕ್ಷೆಗೆ ಓದುವ ಐದು ಹುಡುಗರು,
ಪೇಪರು ಹೊದ್ದು ತೂಗುವ ಒಬ್ಬ ಪಿಂಚಣಿದಾರ.
ಹುಳದ ವಾಸನೆಯ ಸೆರಗಿನೊಂದಿಗೆ ನಾನು ಒಳಗೆ ಬಂದಾಗ
ಫ್ಯಾನೊಂದೇ ತಲೆ ಎತ್ತದೆ ಇದ್ದದ್ದು.

ಗಂಗುಲಪ್ಪನವರು ಕೇಳಲಿಲ್ಲ ಯಾಕೆಂದು.
ರಟ್ಟು ಕಿತ್ತ, ಹೆಸರಿನ ಪುಟವೇ ಇಲ್ಲದ ಒಂದನ್ನು
ಕೆಳಗಿನ ಗೂಡಿಂದ ತೆಗೆದು ಧೂಳು ಕೊಡವಿ
‘ಸಕ್ಕರೆಯದು’ ಅಂದರು, ಮೆಲ್ಲಗೆ,
ಯಾರದೋ ಮನೆಯ ಗುಟ್ಟು ಹೇಳುವವರಂತೆ.

ಪುಸ್ತಕ ಓಟ್ಸ್ ತಿನ್ನು ಅಂತು, ಆಲಿವ್ ಎಣ್ಣೆ ಅಂತು,
ನಾನು ಕಾಣದ ಊರಿನ ಸೊಪ್ಪುಗಳ ಹೆಸರು ಹೇಳಿತು.
ಅಂಚಲ್ಲಿ ಯಾರೋ, ನನಗಿಂತ ಮುಂಚೆ ಹೆದರಿದವರು,
ಸೀಸದಕಡ್ಡಿಯಲ್ಲಿ ತಿದ್ದಿದ್ದರು:
‘ಹುರುಳಿ ಸಾರು ಆಗಬಹುದು. ಮುದ್ದೆ ಒಂದೇ.’
ಒಂದೇ ಎಂಬುದಕ್ಕೆ ಕೆಳಗೆ ಎರಡು ಗೆರೆ.
ಎರಡನೆಯ ಗೆರೆ ಹಾಳೆ ಹರಿದಿತ್ತು.

ಮೂವತ್ತೊಂದನೇ ಪುಟ: ದಿನಾ ನಲವತ್ತು ನಿಮಿಷ ನಡೆಯಿರಿ.
ಎಲ್ಲಿಗೆ?
ಅದು ಬರೆದಿರಲಿಲ್ಲ.
ನಮ್ಮ ಬೀದಿಯಲ್ಲಿ ಕೆಲಸವಿಲ್ಲದೆ ನಡೆವ ಹೆಂಗಸಿಗೆ
ಏಳು ಬಾಗಿಲಿಂದ ಏಳು ಸಲ,
‘ಯಾಕವ್ವಾ, ಏನಾಯ್ತು? ಆಸ್ಪತ್ರೆಗಾ?’

ಇದನ್ನೇ ಹೇಳಿದೆ, ಪುಸ್ತಕ ವಾಪಸು ಕೊಡುವಾಗ.
ಅವರು ಕನ್ನಡಕ ಒರೆಸಿಕೊಂಡರು, ಬಹಳ ಹೊತ್ತು.
‘ಹದಿನೈದು ದಿನಕ್ಕೆ ಕೊಡೋದು ಪದ್ಧತಿ.
ನಿಮಗೆ ಒಂದೊಂದೇ ದಿನಕ್ಕೆ ಕೊಡ್ತೀನಿ ಅಮಲಮ್ಮಾ.
ನಾಳೆ ತರಬೇಕು. ತರದಿದ್ರೆ ದಂಡ.’
ಅಂದವರೇ ನಾಳೆಯ ತಾರೀಖಿಗೆ ಮುದ್ರೆ ತಿರುಗಿಸಿ
ಠಪ್ಪೆಂದು ಒತ್ತಿದರು, ನೇರಳೆ ಬಣ್ಣದಲ್ಲಿ.

ಅಲ್ಲಿಂದ ಶುರು.
ಮಿಷನ್ನು ನಿಂತ ಮೇಲೆ ಕೈ ತೊಳೆದು, ಪುಸ್ತಕ ಕಂಕುಳಲ್ಲಿಟ್ಟು
ಎರಡು ಸಾವಿರದ ಮುನ್ನೂರು ಹೆಜ್ಜೆ ಹೋಗುತ್ತ,
ಅಷ್ಟೇ ಬರುತ್ತ.
‘ಎಲ್ಲಿಗೆ?’ ‘ಬುಕ್ಕು ಕೊಡಕ್ಕೆ.’
ಜೇನು ಸಾಕುವುದನ್ನು ಓದಿದೆ, ಹಲ್ಲು ಯಾಕೆ ನೋಯುತ್ತದೆಂದು ಓದಿದೆ,
ಬೆಕ್ಕೊಂದು ರಾಜನಾದ ಕತೆ; ಕೆಲವನ್ನು ಓದಲೇ ಇಲ್ಲ,
ಗಾಳಿಗೆ ಹಿಡಿದುಕೊಂಡು ಹೋಗಿ ತಂದೆ, ಅಷ್ಟೆ.

ಯುಗಾದಿಗೆ ಬೆಲ್ಲ ಬಿಟ್ಟು ಬೇವೊಂದನ್ನೇ ಅಗಿದೆ.
ಸೊಸೆ ನಕ್ಕಳು. ನಾನೂ ನಗಬೇಕೆಂದುಕೊಂಡೆ,
ಬಾಯಿ ಬಿಡಲಾಗಲಿಲ್ಲ.

ಮಧ್ಯೆ ಚಿಂತಾಮಣಿಯ ಮದುವೆಯಲ್ಲಿ
ಒಬ್ಬಟ್ಟು ತಿಂದೆ. ಒಂದಲ್ಲ.
ನಾಚಿಕೆಯಿಂದ ಎರಡು ದಿನ ಆ ಕಡೆ ತಲೆ ಹಾಕಲಿಲ್ಲ.
ಮೂರನೇ ದಿನ ಗಂಗುಲಪ್ಪನವರು ಲೆಕ್ಕ ಹಾಕಿ
‘ಎರಡು ರೂಪಾಯಿ’ ಅಂದರು, ರಸೀದಿ ಹರಿದರು.
ಅಷ್ಟೇ ಆ ಒಬ್ಬಟ್ಟುಗಳ ಬೆಲೆ.
ಇಷ್ಟು ಸಣ್ಣ ದಂಡದಲ್ಲಿ ಮುಗಿದ ತಪ್ಪು
ನನ್ನ ಬದುಕಲ್ಲಿ ಇನ್ನೊಂದಿಲ್ಲ.

ಈಗ ನೂರ ತೊಂಬತ್ತೆಂಟು.
ಇನ್ನೂ ಇಳಿಯಬೇಕು ಎಂದರು ಡಾಕ್ಟರು.
ಎಡಗಾಲಿನ ಹೆಬ್ಬೆರಳು ಒಂದೊಂದು ಸಂಜೆ
ಚಪ್ಪಲಿಯ ಉಂಗುಷ್ಟ ಗುರುತಿಸುತ್ತದೆ, ಒಂದೊಂದು ಸಂಜೆ ಇಲ್ಲ.

ನಿನ್ನೆ ಹೋದೆ, ಬಾಗಿಲಿಗೆ ಬೀಗ.
ಸೋಮವಾರ ರಜೆ ಎಂಬುದು ನನಗೆ ಗೊತ್ತಿರಲಿಲ್ಲವೇ?
ಗೊತ್ತಿತ್ತು. ಕಂಕುಳಲ್ಲಿ ಪುಸ್ತಕವೂ ಇರಲಿಲ್ಲ.
ಕಾಲು ಬಂದಿತ್ತು, ಅದರ ಹಿಂದೆ ನಾನು.
ಬೀಗ ಒಮ್ಮೆ ಮುಟ್ಟಿದೆ. ಬಿಸಿಲಿಗೆ ಬೆಚ್ಚಗಿತ್ತು.

ತಿರುಗಿ ಬರುವಾಗ ಮೂಲೆಮನೆ ಹುಸೇನ್‌ಬೀ ಕೇಳಿದಳು,
‘ಎಲ್ಲಿಗೆ ಹೋಗಿದ್ದೆ?’
ಕೈ ಖಾಲಿ ಇತ್ತು, ತೋರಿಸಲು ಏನೂ ಇರಲಿಲ್ಲ.
‘ಎಲ್ಲಿಗೂ ಇಲ್ಲ,’ ಅಂದೆ.