ಓದದೆ ಉಳಿದ ಹಾಳೆ

ಆಪಿಯಾದ ರೇಡಿಯೋದಲ್ಲಿ ಬೆಳಗಿನ ಆರಕ್ಕೆ ಹತ್ತು ನಿಮಿಷ ಮುಂಚೆ
ದಿನದ ಹಾಳೆ ಓದುವವನು ನಾನು, ಪೆಲೆನಾತೊ.
ಇಪ್ಪತ್ತೆರಡು ವರ್ಷದಿಂದ ಅದೇ ನೋಟುಬುಕ್ಕು,
ಮುನ್ನೂರ ಅರವತ್ತಾರು ಹಾಳೆ,
ಹರಿದ ಬೆನ್ನಿಗೆ ಹೆಂಡತಿ ಅಂಟಿಸಿದ ತೊಗಟೆಬಟ್ಟೆ.
ಹಾಳೆಯ ಮೇಲರ್ಧ ಲೋಕದ್ದು:
ಯುದ್ಧ, ಒಪ್ಪಂದ, ಮುಳುಗಿದ ಹಡಗು.
ಕೆಳಗಿನರ್ಧ ನಮ್ಮದು: ಯಾರು, ಯಾವೂರು, ಎಷ್ಟು ತುಂಬಿತು.

ಡಿಸೆಂಬರ್ ಮೂವತ್ತು ಕಿಕ್ಕಿರಿದ ಹಾಳೆ.
ಮನಿಲಾದಲ್ಲಿ ಒಬ್ಬ ಕವಿಯನ್ನು ಗುಂಡಿಟ್ಟು ಕೊಂದರು.
ಚಿಕಾಗೋದ ನಾಟಕಶಾಲೆಗೆ ಬೆಂಕಿ ಬಿತ್ತು,
ಮಧ್ಯಾಹ್ನದ ಆಟ, ಹೆಂಗಸರು ಮಕ್ಕಳೇ ಹೆಚ್ಚು.
ಮಾಸ್ಕೋದಲ್ಲಿ ಹಲವು ನಾಡು ಸೇರಿ ಒಂದು ದೇಶವಾಯಿತು
(ಅದು ಒಡೆದದ್ದು ನಾಲ್ಕು ಹಾಳೆ ಹಿಂದಿದೆ).
ಅದರ ಕೆಳಗೆ ಹನ್ನೊಂದು ಹುಟ್ಟುಹಬ್ಬ.
ಹನ್ನೊಂದನೆಯದು ಲಾಲೊಮಾನುವಿನ ವಯೋಲಾ.

ಕಡಲು ಎದ್ದು ಬಂದ ಸೆಪ್ಟೆಂಬರಿನಲ್ಲಿ ಅವಳಿಗೆ ಐದು ವರ್ಷ.
ಹೆಸರು ಹೊಡೆದುಹಾಕಲೆಂದು ಪೆನ್ನು ತೆಗೆದಿದ್ದೆ.
ಅಂದೇ ಬಾಗಿಲಲ್ಲಿ ಅವಳ ತಾಯಿ ಫುವಾತಿನೊ,
ಚಪ್ಪಲಿ ಹೊರಗೆ ಬಿಟ್ಟು, ಕೂರದೆ, ನೀರೂ ಕುಡಿಯದೆ:
‘ಹುಟ್ಟಿದ್ದು ಹುಟ್ಟಿದ್ದೇ ಅಲ್ಲವಾ? ಓದು.’
ಎರಡು ವರ್ಷ ಓದಿದೆ.
ಆರು ತುಂಬಿತು ಎಂದು. ಏಳು ತುಂಬಿತು ಎಂದು.

ಮೂರನೆಯ ವರ್ಷ ಸರ್ಕಾರ ಹೇಳಿತು:
ಗುರುವಾರ ಮಲಗಿ, ಶನಿವಾರ ಏಳಿ.
ದಿನದ ಗೆರೆಯನ್ನು ನಮ್ಮ ಆಚೆ ದಡಕ್ಕೆ ಎಳೆದು ಕಟ್ಟುತ್ತೇವೆ,
ವ್ಯಾಪಾರಕ್ಕೆ ಒಳ್ಳೆಯದು.
ಮುತ್ತಜ್ಜನ ಕಾಲಕ್ಕೆ ಇದೇ ವ್ಯಾಪಾರಕ್ಕೆ
ಜುಲೈ ನಾಲ್ಕು ಎರಡು ಸಲ ಬಂದಿತ್ತಂತೆ;
ಆ ಕೈಗಡ ನೂರ ಹತ್ತೊಂಬತ್ತು ವರ್ಷಕ್ಕೆ ತೀರಿತು
ಎಂದು ಮಾರುಕಟ್ಟೆಯಲ್ಲಿ ಟ್ಯಾರೋಗೆಡ್ಡೆ ಮಾರುವವರು ನಕ್ಕರು.
ನನ್ನ ಹನ್ನೊಂದು ಜನ ಮಾತ್ರ
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ನಡುರಾತ್ರಿ ಗಂಟೆ ಬಾರಿಸಿದರು. ಸೈರನ್ನು. ಪ್ರಾರ್ಥನೆ.
ಬೆಳಿಗ್ಗೆ ಮೈಕಿನ ಮುಂದೆ ಕೂತು
ಒಂದರ ಬದಲು ಎರಡು ಹಾಳೆ ತಿರುವಿದೆ.
ಕಾಗದದ ಸದ್ದು ಗಾಳಿಯಲ್ಲಿ ಹೋಯಿತೋ ಏನೋ.
ಮೂವತ್ತೊಂದನ್ನು ಓದಿದೆ,
ಗಂಟಲು ಕೆಟ್ಟಿದೆ ಎಂದು ನೆಪ ಹೇಳಿ ಬೇಗ ಮುಗಿಸಿದೆ.

ಹತ್ತರ ಸುಮಾರಿಗೆ ಫೋನು.
‘ಪಾಗೋ ಪಾಗೋದಿಂದ ಮಾತಾಡ್ತಿದೀನಿ,’ ಅಂದಳು ಫುವಾತಿನೊ.
ಮಾಡದ ಶುಕ್ರವಾರಕ್ಕೂ ಕಾರ್ಖಾನೆಯವರು ಕೂಲಿ ಕೊಡಲೇಬೇಕಿತ್ತು;
ಅದಕ್ಕೆ ಇನ್ನಷ್ಟು ಸೇರಿಸಿ ಟಿಕೇಟು ಕೊಂಡಿದ್ದಳು.
ಪುಟ್ಟ ವಿಮಾನ, ಅರ್ಧ ಗಂಟೆಯ ದಾರಿ.
ಹತ್ತಿಸುವ ಮೊದಲು ಆಳನ್ನೂ ತಕ್ಕಡಿಗೆ ನಿಲ್ಲಿಸುತ್ತಾರಲ್ಲ,
ತೊಡೆಯ ಮೇಲಿಡುವ ಕೇಕಿನ ಡಬ್ಬಿಯನ್ನೂ ತೂಗಿದರಂತೆ.
ಆ ದ್ವೀಪದವರು ಗೆರೆ ದಾಟಲಿಲ್ಲ.
‘ಇಲ್ಲಿ ಇನ್ನೂ ಶುಕ್ರವಾರ, ಪೆಲೆನಾತೊ.
ಮೀನಿನ ಕಾರ್ಖಾನೆಯ ವಾಸನೆ ಮೂಗಿಗೆ ಬಡೀತಿದೆ.
ಆ ಹಾಳೆ ತೆಗಿ.’

ತೆಗೆದೆ.
ಅವಳ ಹೆಸರಷ್ಟೇ ಓದಬಹುದಿತ್ತು.
ಆದರೆ ರೂಢಿ; ಮೇಲಿಂದ ಶುರುಮಾಡಿದೆ.
ಮನಿಲಾ. ಚಿಕಾಗೋ.
ಅತ್ತ ಯಾರೋ ಲಗೇಜು ಎಳೆಯುವ ಸದ್ದು,
ನಾಣ್ಯ ಬೀಳುವ ಸದ್ದು, ಮತ್ತೊಂದು ನಾಣ್ಯ.
ಮಾಸ್ಕೋ.
ಫಲೆಆಲುಪೊದ ತೆಲೇಸಿಯಾ, ಎಂಬತ್ತೊಂದು.
ಬಸ್ಸು ಓಡಿಸುವ ಇಯೋಸುವಾ, ಮೂವತ್ನಾಲ್ಕು.
ಸಲೇಲೊಲೊಗದ ಅವಳಿಗಳು, ಒಂದೊಂದು ವರ್ಷ.
ಏಳನೆಯ ಹೆಸರಿಗೆ ಅತ್ತ ಕಡೆ ಸದ್ದಡಗಿತು.
ಚಿಲ್ಲರೆ ಮುಗಿಯಿತೋ, ಅವಳೇ ಇಟ್ಟಳೋ,
ಇವತ್ತಿಗೂ ಕೇಳಿಲ್ಲ.

ನಾನು ಫೋನು ಕೆಳಗಿಡಲಿಲ್ಲ.
ಎಂಟು, ಒಂಬತ್ತು, ಹತ್ತು.
ಲಾಲೊಮಾನುವಿನ ವಯೋಲಾ ಎಂದೆ,
ಎಂಟು ಎನ್ನುವ ಮೊದಲು ಒಂದು ಚೂರು ನಿಂತೆ;
ಈ ಕಡೆಯ ಲೆಕ್ಕದಲ್ಲಿ ಅದು ತುಂಬಿಲ್ಲವಲ್ಲ.
ಆಮೇಲೆ ಎಂಟು ಎಂದೆ.