ಬಾಕಿ ಚಿಲ್ಲರೆ

ಭಾನುವಾರವೂ ಬರಬೇಕು.
ಹಸಿವಿಗೆ ರಜೆಯಿಲ್ಲ, ಅದರಲ್ಲೂ
ಡಬ್ಬಿಯೊಳಗಿನ ಈ ಹಸಿವಿಗೆ.
ಮೂವತ್ತೇಳು ಡಿಗ್ರಿಯ ಪೆಟ್ಟಿಗೆ ತೆರೆದರೆ
ಮುಖಕ್ಕೆ ತಾಗುವುದು ಯಾರದೋ ಮೈಯ ಬಿಸಿ.
ಹಳೆಯದನ್ನು ಚೆಲ್ಲಿ ಹೊಸ ನಸುಗೆಂಪು ದ್ರವ ಎರೆಯುತ್ತೇನೆ,
ಹೆಪ್ಪು ಹಾಕುವ ಮುನ್ನ ಅಮ್ಮ ಹಾಲಿಗೆ
ಕಿರುಬೆರಳು ಅದ್ದಿ ನೋಡುತ್ತಿದ್ದ ಹಾಗೆ
ಒಂದು ಕ್ಷಣ ತಡೆದು.

ಡಬ್ಬಿಯ ಮೇಲೆ ಹೆಸರಿಲ್ಲ. ಬಿ ನಲವತ್ತೇಳು.
ಹೆಸರು ಗೊತ್ತಿರಬಾರದು, ಅದು ನಿಯಮ.
ಆದರೆ ಸಹಿ ಹಾಕಿಸಿಕೊಂಡವಳು ನಾನೇ.
ಹನ್ನೆರಡನೇ ಮಂಚ, ದೇವೀರಮ್ಮ,
ಹತ್ತೊಂಬತ್ತು ವರ್ಷ ಕೆಂಗೇರಿ–ಶಿವಾಜಿನಗರ.
ಕಾಗದ ಓದಿ ಹೇಳಿದೆ: ನಿಮ್ಮ ಗಡ್ಡೆಯ ಚೂರು, ಸಂಶೋಧನೆಗೆ,
ನಿಮಗೆ ನೇರ ಲಾಭ ಸಿಗದೇ ಇರಬಹುದು.
ಆ ಸಾಲಿಗೆ ನನ್ನ ದನಿ ತಗ್ಗುತ್ತದೆ, ಯಾವಾಗಲೂ.
ಆಕೆ ಪೆನ್ನನ್ನು ಅಭ್ಯಾಸಬಲದಿಂದ ಕಿವಿಯ ಮೇಲಿಟ್ಟಳು;
ಕೂದಲಿಲ್ಲ, ಜಾರಿ ಬಿತ್ತು. ನಕ್ಕಳು.
"ಬಿಡಮ್ಮ, ಚಿಲ್ಲರೆ ಇಲ್ದಿದ್ರೆ ಟಿಕೆಟ್ ಹಿಂದೆ ಬರ್ಕೊಡ್ತಿದ್ದೆ.
ಎಷ್ಟೋ ಜನ ಮರೆತು ಇಳಿದುಬಿಡೋರು.
ಅವ್ರ ಬಾಕಿ ನನ್ನ ಬ್ಯಾಗಲ್ಲೇ."
ಸಹಿ ಮಾಡಿ, ಕಾಗದ ತಿರುಗಿಸಿ
ಹಿಂಬದಿಯನ್ನೂ ನೋಡಿದಳು.

ಅದಕ್ಕೂ ಮೊದಲು ಕೆಂಪು ಮದ್ದು, ಐದು ಸುತ್ತು.
ಹನಿ ಇಳಿವುದು ನಾಯಂಡಹಳ್ಳಿ ಸಿಗ್ನಲಿಗಿಂತ ನಿಧಾನ ಎನ್ನುತ್ತಿದ್ದಳಂತೆ.
ಉಚ್ಚೆ ಕೆಂಪಾದಾಗ ಹೆದರಿ ಅತ್ತವಳು
ಮಾರನೇ ಸಲ ಪಕ್ಕದ ಮಂಚದ ಫರ್ಜಾನಾಗೆ
"ಅದೇ ಬಣ್ಣ ಬರುತ್ತೆ ಕಣೇ" ಎಂದು ಧೈರ್ಯ ಹೇಳಿದಳಂತೆ.
ಮೂರು ಸುತ್ತಿಗೆ ಗಡ್ಡೆ ಕರಗಿತು. ನಾಲ್ಕಕ್ಕೆ ನಿಂತಿತು.
ಐದಕ್ಕೆ ಬೆಳೆಯಿತು.

ಯಾಕೆ ಎಂಬುದೇ ನನ್ನ ಸಂಬಳ.
ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ
ಚೆಕಿಂಗ್‌ನವರು ಹತ್ತಿದ ಬಸ್ಸು:
ಮದ್ದು ಮುಂಬಾಗಿಲಿಂದ ಬಂದು
ಟಿಕೆಟ್ಟಿಲ್ಲದವರನ್ನು ಇಳಿಸುತ್ತದೆ,
ಟಿಕೆಟ್ಟಿದ್ದವರನ್ನೂ. ಕೂದಲು, ನಾಲಗೆಯ ತೊಗಲು,
ಕರುಳಿನ ಒಳಪದರ, ಏನೂ ತಪ್ಪು ಮಾಡದವರು.
ಹಿಂದಿನ ಸೀಟಿನಲ್ಲಿ ಮಾತ್ರ ಐದಾರು ಮಂದಿ
ನಿದ್ದೆ ಬಂದವರಂತೆ ಕಿಟಕಿಗೊರಗಿರುತ್ತಾರೆ.
ಬಸ್ಸು ಮತ್ತೆ ತುಂಬುವುದು ಅವರಿಂದಲೇ.

ಅವರನ್ನು ಎಬ್ಬಿಸಿ ಹಿಡಿಯಬಹುದೇ?
ಇಷ್ಟಕ್ಕೆ ಮುನ್ನೂರ ಹದಿನೆಂಟು ಮದ್ದು,
ಗುಳಿಯಪ್ಪದ ಹಂಚಿನಂಥ ತಟ್ಟೆ, ತೊಂಬತ್ತಾರು ಕುಳಿ,
ಕುಳಿಗೊಂದು ಹನಿ.
ಒಮ್ಮೆ ಬೂಷ್ಟು ಬಂದು ಎರಡು ತಿಂಗಳ ಕೆಲಸ ಕಸಕ್ಕೆ.
ಒಮ್ಮೆ ಕರೆಂಟು ಹೋಗಿ, ಜನರೇಟರಿಗೆ ಡೀಸೆಲ್ಲಿಲ್ಲದೆ,
ಕಾವಲಿನ ಮುದ್ದಯ್ಯನೂ ನಾನೂ ಕ್ಯಾನು ಹಿಡಿದು
ಸರಿರಾತ್ರಿ ಬಂಕಿಗೆ ಓಡಿದ್ದೆವು.
"ಒಳಗೇನೈತೆ ಮೇಡಂ, ಇಷ್ಟು ಗಾಬರಿ?"
ಒಬ್ಬರು ಕಂಡಕ್ಟರ್, ಎಂದೆ.

ದೇವೀರಮ್ಮ ಹೋಗಿ ಹನ್ನೊಂದು ತಿಂಗಳು.
ಅವಳನ್ನು ಕೊಂದದ್ದು ಮಾತ್ರ
ನನ್ನ ಕೈತುತ್ತು ತಿಂದು ದುಂಡಗಿದೆ.
ದ್ವೇಷಿಸಿ ನೋಡಿದೆ. ಸಾಕಿದ್ದನ್ನು
ದ್ವೇಷಿಸುವುದು ಕಷ್ಟ.

ಇವತ್ತು ಬೆಳಿಗ್ಗೆ, ಡಿ ಸಾಲಿನ ಏಳನೇ ಕುಳಿ ಖಾಲಿ.
ಮೊದಲು ಎಬ್ಬಿಸುವ ಮದ್ದು, ನಾಲ್ಕು ಗಂಟೆ ಬಿಟ್ಟು ಕೆಂಪು,
ಅದೂ ಅರ್ಧ.
ಹಿಂದಿನ ಸೀಟಿನಲ್ಲಿ ಯಾರೂ ಇಲ್ಲ.
ಕನ್ನಡಕ ಒರೆಸಿ ಮತ್ತೆ ನೋಡಿದೆ.
ಖುಷಿಪಡಬಾರದು. ಇದು ಒಂದು ಕುಳಿ.
ಇನ್ನೂ ಮೂರು ಸಲ ಮಾಡಬೇಕು, ಆಮೇಲೆ ಇಲಿ,
ಆಮೇಲೆ ಸಮಿತಿ, ಆಮೇಲೆ ವರ್ಷಗಳು;
ಇಲಿಯಲ್ಲಿ ಗೆದ್ದದ್ದು ಮನುಷ್ಯರಲ್ಲಿ ಸೋತದ್ದೇ ಹೆಚ್ಚು.
ಗೊತ್ತು. ಗೊತ್ತಿದ್ದೂ
ಕೈ ನಡುಗಿ ಒಂದು ಹನಿ ಮೇಜಿಗೆ ಬಿತ್ತು.

ಸಂಜೆ ಬಸ್ಸಿನಲ್ಲಿ ಕಂಡಕ್ಟರ್ ಹುಡುಗಿ
ಆಧಾರ್ ನೋಡಿ ಸೊನ್ನೆ ಟಿಕೆಟ್ ಹರಿದುಕೊಟ್ಟಳು.
ಈಗ ನಮಗೆ ಕಾಸಿಲ್ಲ, ಚಿಲ್ಲರೆಯ ಮಾತೂ ಇಲ್ಲ.
ಸುಮ್ಮನೆ ತಿರುಗಿಸಿದೆ. ಹಿಂಬದಿ ಖಾಲಿ.
ಪೆನ್ನು ಕೇಳಿದೆ.
ದಟ್ಟ ಕೂದಲಿನ ನಡುವಿಂದ, ಕಿವಿಯ ಮೇಲಿಂದ
ತೆಗೆದುಕೊಟ್ಟಳು. ಬರೆದೆ: ಡಿ ಏಳು.
"ಮರೀಬೇಡಿ ಮೇಡಂ," ಎಂದಳು,
"ಎಲ್ರೂ ತಗೊಂಡು ಇಳಿದುಬಿಡ್ತಾರೆ."